ಕೋಟು ತೊಟ್ಟ ಧೂಳಪ್ಪನ ಫ್ಲೆಕ್ಸು

ನಾನು ಒಂದು ಫ್ಲೆಕ್ಸು. ಹೆಸರು ಕೇಳಿದ ಕೂಡಲೇ ಮೂಗು ಮುರಿಯಬೇಡಿ. ಊರಿನ ಅಂದ ಕೆಡಿಸುವ ಜಾತಿ ಎಂದು ನಮ್ಮನ್ನು ಬೈಯುವವರಿದ್ದಾರೆ, ಅವರ ಮಾತಿನಲ್ಲಿ ಸುಳ್ಳೂ ಇಲ್ಲ. ಆದರೆ ನನ್ನ ಕಥೆಯನ್ನೊಮ್ಮೆ ಕೇಳಿ, ಆಮೇಲೆ ಬೇಕಾದರೆ ಬೈಯಿರಿ.

ಕಲಬುರಗಿಯ ಬಸ್ ನಿಲ್ದಾಣದ ಹಿಂದಿನ ಒಂದು ಅಂಗಡಿಯಲ್ಲಿ ನಾನು ಹುಟ್ಟಿದೆ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಮುಂಭಾಗ ಬಿಳುಪು, ಬೆನ್ನು ಮಾತ್ರ ಕಾಡಿಗೆಗಪ್ಪು. ಈ ಬೆನ್ನನ್ನು ನೆನಪಿಡಿ, ಮುಂದೆ ನನ್ನ ಮಾನ ಕಳೆದದ್ದು ಅದೇ. ನನಗಿಂತ ಮುಂಚೆ ಯಂತ್ರದಿಂದ ಹೊರಬಂದವರ ಮೈಮೇಲೆಲ್ಲ ಪುಢಾರಿಗಳ ಹುಟ್ಟುಹಬ್ಬ. ನನ್ನ ಮೈಮೇಲೆ ಸುಣ್ಣ ಹಚ್ಚುವ ಧೂಳಪ್ಪನ ಮುಖ ಮೂಡಿತು, ಅದರ ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಪಾಪ, ಅವನದೆಂದು ಸಿಕ್ಕಿದ್ದು ಬೆರಳಗಲದ ಒಂದು ಫೋಟೊ. ಅಂಗಡಿಯವನು ಅದರ ಕತ್ತಿನ ಕೆಳಗೆ ನೀಲಿ ಕೋಟು, ಕೆಂಪು ಟೈ ಅಂಟಿಸಿಬಿಟ್ಟ. ಬದುಕಿದ್ದಷ್ಟು ದಿನ ಸುಣ್ಣದ ಚಿಕ್ಕೆಯ ಬನಿಯನ್ ಬಿಟ್ಟು ಬೇರೆ ತೊಡದ ಮನುಷ್ಯ ಸತ್ತ ಮೇಲೆ ಸಾಹೇಬನಾದ.

ಅವನ ಜೊತೆಗೆ ಸುಣ್ಣ ಹಚ್ಚುತ್ತಿದ್ದವರು ನನ್ನನ್ನು ಓಣಿಯ ಬಾಯಿಗೆ ಕಟ್ಟಿದರು. ಧೂಳಪ್ಪನ ಹೆಂಡತಿ ಚಂದಮ್ಮ ಬಂದು ತಲೆಯೆತ್ತಿ ನೋಡಿ, ಇವರ್ಯಾರೋ ನನಗೆ ಗುರುತಿಲ್ಲ ಎಂದಳು. ಕೋಟು ಅವಳಿಗೆ ಅಷ್ಟು ಬೇಸರ ತಂದಿತ್ತು. ಆದರೂ ಹದಿಮೂರು ದಿನ ಕಳೆದು ನನ್ನನ್ನು ಇಳಿಸಿದಾಗ, ಕಟ್ಟಿಗೆ ಮುಚ್ಚಲು ಕೇಳಿದ ಪಕ್ಕದ ಮನೆಯವರಿಗೆ ಕೊಡಲಿಲ್ಲ. ಮಡಚಿ ತನ್ನ ಮಂಚದ ಕೆಳಗೆ ಇಟ್ಟುಕೊಂಡಳು.

ಮಂಚದ ಕೆಳಗಿದ್ದರೆ ಮನೆಯ ಸುದ್ದಿಯೆಲ್ಲ ಗೊತ್ತಾಗುತ್ತದೆ. ಒಂದೇ ಕೋಣೆಯ ಮನೆ, ಮೇಲೆ ತಗಡು. ಮಗ ಸಿದ್ರಾಮ ಆಟೊ ಓಡಿಸುತ್ತಾನೆ, ಸೊಸೆ ಜಗದೇವಿ ರವಿಕೆ ಹೊಲಿಯುತ್ತಾಳೆ. ಧೂಳಪ್ಪ ಸಂಜೆ ಮನೆಗೆ ಬಂದರೆ ಆಗಷ್ಟೇ ಗುಡಿಸಿದ ನೆಲದ ಮೇಲೆಲ್ಲ ಸುಣ್ಣದ ಪುಡಿ ಉದುರುತ್ತಿತ್ತಂತೆ. ಮೈ ಝಾಡಿಸಿಕೊಂಡು ಒಳಗೆ ಬನ್ನಿ ಎಂದು ಚಂದಮ್ಮ ಮೂವತ್ತು ವರ್ಷ ಬಾಗಿಲಲ್ಲಿ ನಿಂತು ಬೈದರೂ ಆ ಪುಣ್ಯಾತ್ಮ ಒಂದು ದಿನವೂ ಕೇಳಲಿಲ್ಲವಂತೆ. ಇದನ್ನು ಸೊಸೆಗೆ ಹೇಳಿ ಹೇಳಿ ನಗುತ್ತಿದ್ದಳು, ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು.

ಕಲಬುರಗಿಯ ಬೇಸಿಗೆಯನ್ನು ಕಾಣದವರಿಗೆ ಏನೆಂದು ಹೇಳಲಿ? ಹಿಂದಿನ ವರ್ಷ ಇದೇ ಕೋಣೆಯಲ್ಲಿ ಬಿಸಿಲ ಝಳಕ್ಕೆ ಚಂದಮ್ಮ ಎಚ್ಚರ ತಪ್ಪಿ ಬಿದ್ದು ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಇನ್ನೊಮ್ಮೆ ಹೀಗಾದರೆ ಜೀವ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಸಿದ್ರಾಮ ಹಳೆಯ ಕೂಲರೊಂದನ್ನು ತಂದ. ಮುಂದಿನ ಕರೆಂಟ್ ಬಿಲ್ಲು ನೋಡಿ ಜಗದೇವಿಯ ಮುಖ ಸಪ್ಪಗಾದದ್ದನ್ನು ಚಂದಮ್ಮ ಕಂಡಳು. ಅಂದಿನಿಂದ ಸೊಸೆ ರವಿಕೆ ಕೊಡಲು ಹೊರಗೆ ಹೋದ ಕೂಡಲೇ ಈ ಮುದುಕಿ ಕೂಲರಿನ ಗುಂಡಿ ಆರಿಸಿಬಿಡುತ್ತಿದ್ದಳು. ಓಣಿಯಲ್ಲಿ ಕಾಲ್ಸಪ್ಪಳ ಕೇಳಿದರೆ ಮತ್ತೆ ಹಾಕುತ್ತಿದ್ದಳು. ನಾನು ಕಣ್ಣಾರೆ ಕಂಡವನು, ಆದರೆ ಬಾಯಿಲ್ಲದವನು.

ತಗಡಿನ ಮೇಲೆ ಫ್ಲೆಕ್ಸು ಹಾಸಿದರೆ ಮನೆ ತಂಪಾಗುತ್ತದೆ ಎಂದು ಯಾರೋ ಸಿದ್ರಾಮನಿಗೆ ಹೇಳಿದರು. ಅವನು ನನ್ನನ್ನು ಎಳೆದು ತೆಗೆದ. ಬಿಳಿ ಮುಖ ಮೇಲೆ ಮಾಡಿ ಹಾಸಲು ಹೋದಾಗ ಚಂದಮ್ಮ ಅಡ್ಡ ಬಂದಳು.

“ಹುಟ್ಟಿದಾಗಿಂದ ಬಿಸಿಲಾಗೇ ದುಡದಾರ ನಿಮ್ಮಪ್ಪ. ಸತ್ತ ಮ್ಯಾಲೂ ಅವರ ಮಾರಿ ಬಿಸಿಲಿಗೆ ಒಡ್ಡತೀ ಏನು? ಕಾಗಿ ಕುಂದ್ರತಾವ ಮ್ಯಾಲ.”

ಇದಕ್ಕೆ ಎದುರಾಡುವ ಮಗ ನಮ್ಮ ಕಡೆ ಹುಟ್ಟಿಲ್ಲ. ನನ್ನನ್ನು ಬೋರಲು ಹಾಕಿದರು. ಧೂಳಪ್ಪನ ಮುಖ ತಗಡಿಗೆ, ನನ್ನ ಕರಿ ಬೆನ್ನು ಸೂರ್ಯನಿಗೆ. ನಾಲ್ಕು ಮೂಲೆಗೆ ಕಲ್ಲು. ಹಿರಿಯರ ಮರ್ಯಾದೆ ಹೀಗೆ ಕಾಯಬೇಕು ನೋಡು ಎಂದು ಓಣಿಯವರೂ ಹೊಗಳಿದರು.

ಅಯ್ಯೋ, ಆ ಮಧ್ಯಾಹ್ನವನ್ನು ಏನು ಹೇಳಲಿ! ಕರಿ ಬಣ್ಣ ಬಿಸಿಲನ್ನು ಬಿಟ್ಟುಕೊಡುವುದಿಲ್ಲ, ಕುಡಿದುಬಿಡುತ್ತದೆ. ಬಿದ್ದ ಬಿಸಿಲನ್ನೆಲ್ಲ ನಾನು ಕುಡಿದೆ, ಕುಡಿದದ್ದನ್ನೆಲ್ಲ ತಗಡಿಗೆ ಕೊಟ್ಟೆ, ತಗಡು ಕೋಣೆಗೆ ಕೊಟ್ಟಿತು. ಎರಡನೆಯ ದಿನ ಚಂದಮ್ಮ ನೀರಿನ ಕೊಡದ ಪಕ್ಕದಲ್ಲೇ ಕುಸಿದಳು. ಜಗದೇವಿ ಒದ್ದೆ ಸೀರೆ ಸುತ್ತಿ, ಮುಖಕ್ಕೆ ನೀರು ತಟ್ಟಿ ಹೇಗೋ ಎಚ್ಚರಿಸಿದಳು. ಅವಳ ಪ್ರಾಣಕ್ಕೆ ನಾನೇ ಮುಳುವಾದೆನಲ್ಲ ಎಂದು ನನಗಾದ ಸಂಕಟ ಅಷ್ಟಿಷ್ಟಲ್ಲ.

ಅವತ್ತೇ ಸಿದ್ರಾಮ ತೀರ್ಮಾನಿಸಿದ. ಅವ್ವ ಇನ್ನು ಈ ಮನೆಯಲ್ಲಿ ಇರುವುದು ಬೇಡ, ಸೊಲ್ಲಾಪುರದ ಅಕ್ಕನ ಮನೆಗೆ ಭಾನುವಾರವೇ ಬಿಟ್ಟು ಬರುತ್ತೇನೆ ಎಂದ. ಧೂಳಪ್ಪ ಕಣ್ಣು ಮುಚ್ಚಿದ ಕೋಣೆ ಬಿಟ್ಟು ಎಲ್ಲಿಗೂ ಬರುವುದಿಲ್ಲ ಎಂದು ಹಠ ಹಿಡಿದಿದ್ದ ಚಂದಮ್ಮ ಈ ಸಲ ಸೋತಳು. ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಮಧ್ಯಾಹ್ನ ಜಗದೇವಿ ನನ್ನನ್ನು ಕಿತ್ತೆಸೆಯಲು ಸಿಟ್ಟಿನಿಂದ ಏಣಿ ಹತ್ತಿದಳು. ಅಷ್ಟು ಸಿಟ್ಟಿನಲ್ಲೂ ಮಾವನ ಮುಖವಿದೆಯಲ್ಲ ಎಂದು ಚಪ್ಪಲಿಯನ್ನು ಕೆಳಗೇ ಬಿಟ್ಟಿದ್ದಳು. ಬರಿಗಾಲು ಕಾದ ತಗಡಿಗೆ ತಾಗಿತು. ಹಾ ಎಂದು ಜಿಗಿದವಳು ಮೂಲೆಯ ತಗಡಿನ ಮೇಲೆ ಹೋಗಿ ನಿಂತಳು. ನಿಂತವಳು ನಿಂತೇ ಇದ್ದಳು. ಅಲ್ಲಿ ಕಾಲು ಸುಡಲಿಲ್ಲ.

ಅದು ಧೂಳಪ್ಪ ದಿನಾ ಸಂಜೆ ಕುಂಚ ಒಣಗಿಸುತ್ತಿದ್ದ ತಗಡು. ಉಳಿದ ಸುಣ್ಣದ ನೀರನ್ನೂ ಅಲ್ಲೇ ಚೆಲ್ಲುತ್ತಿದ್ದ. ವರ್ಷಗಟ್ಟಲೆ ಚೆಲ್ಲಿದ ಸುಣ್ಣ ಬೆಳ್ಳಗೆ ಹಕ್ಕಳೆಗಟ್ಟಿತ್ತು.

“ಅತ್ತೀ, ಮಾವ ಸುಣ್ಣ ಚೆಲ್ಲಿದ ಜಾಗ ತಣ್ಣಗ ಅದ ನೋಡ್ರಿ” ಎಂದು ಜಗದೇವಿ ಮೇಲಿನಿಂದಲೇ ಕೂಗಿದಳು.

ಮಲಗಿದ್ದ ಚಂದಮ್ಮ ಎದ್ದು ಕುಳಿತಳು. ಗಂಡನಿಗೆ ಮೂವತ್ತು ವರ್ಷ ಸುಣ್ಣ ಕಲೆಸಿಕೊಟ್ಟ ಕೈ ಅವಳದು. ಸಂಜೆಗೇ ಭಟ್ಟಿಯ ಸುಣ್ಣದ ಕಲ್ಲು ಬಂತು, ರಾತ್ರಿಯಿಡೀ ಡ್ರಮ್ಮಿನ ನೀರಿನಲ್ಲಿ ಅರಳಿತು. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಅಕ್ಕಿಯ ಗಂಜಿ, ಒಂದು ಹಿಡಿ ಉಪ್ಪು ಹಾಕಿಸಿದಳು. ಗಂಜಿ ಕಡಿಮೆಯಾದರೆ ಸುಣ್ಣ ಮಳೆಗೆ ತೊಳೆದುಹೋಗುತ್ತದೆ ಎಂದು ಬಾಗಿಲಲ್ಲಿ ಕುಳಿತೇ ಗದರಿಸಿದಳು. ಜಗದೇವಿ ಮಾವನ ಕುಂಚ ಹಿಡಿದು ಎರಡು ದಿನ, ಹೊತ್ತು ಏರುವ ಮೊದಲೇ, ತಗಡಿಗೆಲ್ಲ ಒಂದರ ಮೇಲೊಂದು ಎರಡು ಕೈ ಸುಣ್ಣ ಹಚ್ಚಿದಳು.

ನನ್ನನ್ನೇನು ಮಾಡುವುದು? ಅದಕ್ಕೆ ಸಿದ್ರಾಮನ ತಲೆ ಓಡಿತು. ಆಟೊದ ಟಾಪಿನ ಒಳಗೆ ಇನ್ನೊಂದು ಬಟ್ಟೆ ಕಟ್ಟದಿದ್ದರೆ ಕುಳಿತವರ ನೆತ್ತಿ ಕಾಯುತ್ತದೆ ಎಂಬುದು ಅವನಿಗೆ ಗೊತ್ತು. ಅದೇ ರೀತಿ ನನ್ನನ್ನು ತಗಡಿನ ಕೆಳಗೆ, ಕೋಣೆಯ ಒಳಗೆ, ಬಿಗಿಯಾಗಿ ಕಟ್ಟಿದ. ನಡುವೆ ಒಂದು ಗೇಣು ಜಾಗ, ಬಿಸಿ ಗಾಳಿ ಹೊರಗೆ ಹೋಗಲು ಎರಡು ತುದಿಯೂ ತೆರವು. ಕರಿ ಬೆನ್ನು ಮೇಲೆ ಕತ್ತಲಲ್ಲಿ ಅಡಗಿತು. ಧೂಳಪ್ಪನ ಮುಖ ಕೆಳಗೆ, ಚಂದಮ್ಮನ ಮಂಚಕ್ಕೆ ಎದುರಾಯಿತು.

ಶನಿವಾರ ಮಧ್ಯಾಹ್ನ ಮೂವರೂ ಕೋಣೆಯಲ್ಲೇ ಕುಳಿತು ಕಾದರು. ಹನ್ನೆರಡಾಯಿತು, ಎರಡಾಯಿತು. ಸೆಖೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ತಲೆಯ ಮೇಲೆ ಕೆಂಡ ಸುರಿದಂತಿರಲಿಲ್ಲ. ಚಂದಮ್ಮ ಒಂದು ಸಣ್ಣ ನಿದ್ದೆ ಮಾಡಿ ಎದ್ದು ಚಹಾ ಕೇಳಿದಳು. ಸಿದ್ರಾಮ ಸೊಲ್ಲಾಪುರಕ್ಕೆ ಕಟ್ಟಿದ್ದ ಚೀಲ ಬಿಚ್ಚಿ ಸೀರೆಗಳನ್ನು ಗೂಟಕ್ಕೆ ಹಾಕಿದ.

ಕೂಲರು ಈಗ ದಿನಕ್ಕೆ ಎರಡು ತಾಸು ಓಡಿದರೆ ಹೆಚ್ಚು. ಬಿಲ್ಲು ಇಳಿದಿದೆ, ಚಂದಮ್ಮ ಕದ್ದು ಗುಂಡಿ ಆರಿಸುವುದನ್ನು ಬಿಟ್ಟಿದ್ದಾಳೆ. ಪ್ರತಿ ವರ್ಷ ಶಿವರಾತ್ರಿ ಮುಗಿದ ಮೇಲೆ ತಗಡಿಗೆ ಸುಣ್ಣ, ಓಣಿಯ ಇನ್ನೂ ಆರು ಮನೆಗಳಿಗೂ ಈಗ ಅದೇ ರೂಢಿ. ಗಂಜಿಯ ಅಳತೆ ಕೇಳಲು ಎಲ್ಲರೂ ಇವಳ ಬಾಗಿಲಿಗೇ ಬರುತ್ತಾರೆ. ಊರಿಗೆಲ್ಲ ಸುಣ್ಣ ಹಚ್ಚಿದ ಧೂಳಪ್ಪ ತನ್ನ ತಗಡಿಗೊಮ್ಮೆ ಹಚ್ಚಬಾರದಿತ್ತೇ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಗೋಡೆಗೆ ಹಚ್ಚಿದರೆ ನಾಲ್ಕು ಜನ ನೋಡುತ್ತಾರೆ, ತಗಡನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದನೇನೋ.

ನನಗೀಗ ಐದು ಬೇಸಿಗೆ ದಾಟಿದೆ. ಒಗ್ಗರಣೆಯ ಹೊಗೆ ಕುಡಿದು ಮೈ ಹಳದಿಯಾಗಿದೆ, ಮೂಲೆಗಳಲ್ಲಿ ತೇಪೆ. ಅಂದಹಾಗೆ ಆ ಕೋಟು ಈಗಿಲ್ಲ. ಮೊದಲ ವರ್ಷವೇ ಚಂದಮ್ಮ ಉಳಿದ ಸುಣ್ಣದಲ್ಲಿ ಸೊಸೆಯ ಕೈಯಿಂದ ಕೋಟು, ಟೈ, ಶ್ರದ್ಧಾಂಜಲಿ ಎಲ್ಲದರ ಮೇಲೂ ಹಚ್ಚಿಸಿಬಿಟ್ಟಳು. ಈಗ ಗುರುತು ಸಿಕ್ಕಿತು ಎಂದಳು. ಆದರೆ ನನ್ನ ನುಣುಪು ಮೈಗೆ ಸುಣ್ಣ ಹಿಡಿಯುವುದಿಲ್ಲ, ಎಷ್ಟು ಗಂಜಿ ಹಾಕಿದರೂ ಅಷ್ಟೇ, ವರ್ಷವರ್ಷವೂ ಮತ್ತೆ ಹಚ್ಚಬೇಕು. ಮಧ್ಯಾಹ್ನ ಗಾಳಿ ಆಡಿದಾಗ ಬಿಳಿ ಪುಡಿ ಅವಳ ಹೊದಿಕೆಯ ಮೇಲೆ, ಆಗಷ್ಟೇ ಗುಡಿಸಿದ ನೆಲದ ಮೇಲೆ ಉದುರುತ್ತದೆ. ಅವಳು ಮಲಗಿದಲ್ಲಿಂದಲೇ ಮುಖ ಮೇಲೆ ಮಾಡಿ ಬೈಯುತ್ತಾಳೆ.

“ಮೈ ಝಾಡಿಸ್ಕೊಂಡು ಒಳಗ ಬರ್ರಿ ಅಂದ್ರ ಕೇಳಂಗೇ ಇಲ್ಲಲ್ಲ ನೀವು.”