ಡಾಂಬರು ಮೆತ್ತಿದ ಕೈ

ಹರಿಗೋಲಿಗೆ ತೂತು ಬಿದ್ದರೆ ಡಾಂಬರು ಮೆತ್ತುವುದು ಕೃಷ್ಣಾ ದಂಡೆಯ ರೂಢಿ. ಮೀನು ಸೀಳುವಾಗ ಅಂಗೈ ಕೊಯ್ದುಕೊಂಡ ಶಿವಶರಣ ಗಾಯಕ್ಕೂ ಅದನ್ನೇ ಮೆತ್ತಿದ. ಕೈ ಊದಿತು, ಜ್ವರ ಬಂತು. ಮಣಿಕಟ್ಟಿನಿಂದ ಮೊಣಕೈಯತ್ತ ಕೆಂಪು ಗೆರೆಯೊಂದು ಏರುತ್ತಿರುವುದನ್ನು ಹೆಂಡತಿ ಸರಿತಾ ಕಂಡಳು.

"ಏಳ್ರಿ, ಶಹಾಪುರ ದವಾಖಾನಿಗೆ ಹೋಗೂಣು."

"ಇಷ್ಟಕ್ಕ ದವಾಖಾನಿ? ಒಂದು ಹನಿ ನೀರು ಒಳಗ ಹೋಗಂಗಿಲ್ಲ, ಬಿಡ."

"ನೀವೇನು ಹರಿಗೋಲೇನ್ರಿ? ಕೀವು ಹೊರಗ ಬರಾಕ ದಾರಿ ಬ್ಯಾಡೇನು? ಕೈ ಹೋದ್ರ ಮೀನಿನ ಬಲಿ ಯಾರು ಬೀಸತಾರ?"

ದವಾಖಾನೆಯಲ್ಲಿ ಡಾಕ್ಟರಮ್ಮ ಎಣ್ಣೆ ಹಚ್ಚಿ ಡಾಂಬರು ಬಿಡಿಸಿದರು, ಕೀವು ತೆಗೆದು ಗಾಯ ತೊಳೆದರು, ಔಷಧಿ ಕೊಟ್ಟರು. ಹೊಲಿಗೆ ಮಾತ್ರ ಹಾಕಲಿಲ್ಲ.

"ಈಗ ಹೊಲದ್ರ ಕೀವು ಒಳಗ ಉಳೀತೈತಿ. ಕೊಯ್ಕೊಂಡ ಕೂಡ್ಲೆ ನೀರು, ಸಾಬೂನು ಹಚ್ಚಿ ತೊಳೀಬೇಕು. ಕೆಂಪು ಗೆರಿ ಏರಿದ್ರ ಒಂದು ತಾಸೂ ಕಾಯಬ್ಯಾಡ್ರಿ. ಹೊಲಿಗಿ ಇಲ್ಲದಿದ್ರೂ ಚರ್ಮ ತಾನ ಕೂಡತೈತಿ."

ತಾನಾಗಿ ಕೂಡುವುದೆಂದರೆ ಸರಿತಾಗೆ ನಂಬಿಕೆ ಬರಲಿಲ್ಲ. ಆದರೆ ಪಟ್ಟಿ ಬದಲಿಸಿದಾಗಲೆಲ್ಲ ಗಾಯದ ಅಂಚು ತುಸು ಒಳಗೆ ಸರಿದಿರುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ, ಒರಟು ಅಂಗೈಯ ನಡುವೆ ಕೂಸಿನ ತುಟಿಯಂಥ ಹೊಸ ಚರ್ಮ.

"ಇಷ್ಟು ವರ್ಷದಾಗ," ಎಂದ ಶಿವಶರಣ ಮೆಲ್ಲಗೆ, "ನನ್ನ ಹರಿಗೋಲು ಒಂದು ತೂತನೂ ತಾನ ಮುಚ್ಕೊಂಡಿಲ್ಲ ನೋಡ."