ಕತ್ತೆಯ ಫೋನು

ಹೊಸ ಸೇತುವೆಯ ಮೇಲೆ ಮೇಕೆಯೊಂದು ಸೀನಿತು, ಮೂರು ಕಂಬಗಳು ಬಗ್ಗಿ ಏನಾಯಿತೆಂದು ನೋಡಿದವು, ಅವುಗಳ ಹೊಟ್ಟೆಯಲ್ಲಿ ಸಿಮೆಂಟಿಗಿಂತ ಮಣ್ಣೇ ಜಾಸ್ತಿ ಎಂದು ನಾನು ಊರಿನ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜ್ ಕಳಿಸಿದೆ. ಊರೆಲ್ಲ ನಕ್ಕಿತು. ಪೊಲೀಸರು ನಗಲಿಲ್ಲ.

ಸ್ಟೇಷನ್ನಿನಲ್ಲಿ ಸಾಹೇಬರು ನನ್ನ ಫೋನನ್ನು ಮೇಜಿನ ಮೇಲಿಟ್ಟರು. "ಮಣ್ಣಿನ ವಿಷಯ ಹೇಳಿದ್ಯಾರು?"

"ಮೇಕೆ ಸಾರ್."

"ಫೋನ್ ತೆಗಿ."

ಮಣ್ಣಿನ ವಿಷಯ ಹೇಳಿದವನು ನನ್ನ ಹೆಂಡತಿಯ ತಮ್ಮ, ಅದೇ ಸೇತುವೆಗೆ ಕಾಂಕ್ರೀಟ್ ಕಲಸುವವನು. ಅವನ ಮಾತೆಲ್ಲ ಆ ಫೋನಿನೊಳಗೇ ಇತ್ತು. ಸಿಕ್ಕಿದರೆ ಕೆಲಸವಷ್ಟೇ ಅಲ್ಲ, ಹುಡುಗನೂ ಹೋದಂತೆಯೇ.

ಪೇದೆ ನನ್ನ ಹೆಬ್ಬೆರಳು ಹಿಡಿದು ಒತ್ತಿದ. ತೆರೆಯಲಿಲ್ಲ. ಒರೆಸಿ ಒತ್ತಿದ. ಗಾರೆ ಕೆಲಸದವನ ಬೆರಳು; ಗೆರೆಗಳನ್ನೆಲ್ಲ ಸಿಮೆಂಟು ತಿಂದು ತೇಗಿಯಾಗಿದೆ. ಫೋನು ಮೊದಲಿನಿಂದಲೂ ಒಪ್ಪಿದ್ದು ಹೆಂಡತಿಯ ಬೆರಳನ್ನು. ಲಾಕ್ ತೆಗೆಯುವ ನಂಬರೂ ಅವಳಿಟ್ಟದ್ದೇ. ಅವಳು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

"ಯಾರ ಬೆರಳಿಗೆ ತೆಗೆಯುತ್ತೆ ಇದು?"

"ಹೇಳಲ್ಲ ಸಾರ್. ತೆಗೀಲೇಬೇಕು ಅಂತ ಕೋರ್ಟಿನ ಕಾಗದ ತೋರ್ಸಿ." ಎಲ್ಲೋ ಕೇಳಿದ್ದ ಮಾತು.

"ಕಥೆ ಕಟ್ಟೋನು ಕಾನೂನೂ ಕಟ್ತೀಯೇನೋ?"

ಅಷ್ಟರಲ್ಲಿ ಫೋನೇ ಬಡಿದುಕೊಂಡಿತು. ನನಗೆ ಓದಲು ಬಾರದು. ಎಲ್ಲರಿಗೂ ಹೆಸರಿನ ಬದಲು ಚಿತ್ರ ಹಾಕಿದ್ದೇನೆ. ಪರದೆಯ ತುಂಬ ಕತ್ತೆ. ಭಾವಮೈದುನನೇ.

"ಯಾರಿದು?"

"ಕತ್ತೆ ಸಾರ್."

"ಕತ್ತೆ ಫೋನ್ ಮಾಡುತ್ತಾ?"

"ನಮ್ಮನೇದು ಮಾಡುತ್ತೆ."

ಪೇದೆ ನಕ್ಕವನು, ಸಾಹೇಬರು ನೋಡಿದ್ದೇ ಕೆಮ್ಮಿದ. ಬಂದ ಕರೆ ಎತ್ತಲು ಬೆರಳ ಗುರುತು ಬೇಕಿಲ್ಲವೆಂದು ನನಗೆ ಹೊಳೆದಿರಲಿಲ್ಲ. ಸಾಹೇಬರು ಪರದೆ ಸವರಿ ಸ್ಪೀಕರ್ ಹಾಕಿದರು. ಎಂದಿನಂತೆ ಮೊದಲು ಕತ್ತೆಯ ಕೂಗು ಬಂತು. ಅವನ ನಮಸ್ಕಾರವೇ ಅದು. ಆಮೇಲೆ, "ಭಾವ, ಇವತ್ತೂ ಅದೇ..."

ಹೆಂಡತಿ ಎದ್ದು ಬಾಗಿಲಿಗೆ ಬಂದು ಕೂಗಿದಳು.

"ಸ್ಟೇಷನ್ನಲ್ಲಿದೀವಿ ಕಣೋ. ಸಾಹೇಬ್ರು ಕೇಳಿಸ್ಕೊಳ್ತಿದಾರೆ."

ಕರೆ ಕಡಿಯಿತು. ಸಾಹೇಬರು ಅವಳನ್ನೂ ನನ್ನನ್ನೂ ನೋಡಿ, ಕೊನೆಗೆ ಅವಳ ಬಿಗಿದ ಮುಷ್ಟಿಯನ್ನು ನೋಡಿದರು.

"ಕೈ ಕೊಡಮ್ಮ ಇಲ್ಲಿ."

"ಮೊದ್ಲು ಕಾಗದ ಕೊಡಿ ಸಾರ್."

ಸಾಹೇಬರು ಫೋನನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. "ಕಾಗದ ತರಿಸ್ತೀನಿ. ಊರು ಬಿಡಬೇಡಿ."

ದಾರಿಯುದ್ದಕ್ಕೂ ಇಬ್ಬರೂ ಹಿಂದೆ ತಿರುಗಿ ನೋಡುತ್ತಲೇ ನಡೆದೆವು. ಮನೆ ಮುಟ್ಟಿದರೂ ಅವಳು ಮುಷ್ಟಿ ಬಿಚ್ಚಲಿಲ್ಲ. ಬಾಗಿಲು ನಾನೇ ತೆಗೆದೆ.