ಸಂಘಪಾಲ ‘ಹಾಯ್’ ಅನ್ನದ ದಿನ

ಘಾಟಬೋರಾಳದ ಸುಂದರಬಾಯಿ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಮಗನ ಫೋನು ಬಂತು. ಮಗ ಸಂಘಪಾಲ ಜಪಾನಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಆಗಲೇ ಊಟದ ಬಿಡುವು.

“ಅವ್ವಾ, ತಗಡು ಒತ್ತೋ ಮಷೀನಿಗೆ ಕೈ ಕಾಯೋ ಜಾಳಿ ಇರ್ತದಲ್ಲ, ಅದು ಸರಿ ಮುಚ್ಚವಲ್ದು. ಕೈ ಒಳಗ ಇದ್ದಾಗಲೇ ಅಚ್ಚು ಇಳೀತದ. ಮುಂಜಾನಿ ಕೈಗವಸು ಹರೀತು.”

“ಬೆರಳು?”

“ಉಳದಾವ.”

“ಸಾಹೇಬಗ ಹೇಳಿದಿ?”

“ಇಲ್ಲಿ ಯಾರೂ ಎದುರು ಮಾತಾಡಂಗಿಲ್ಲ. ತಿಳೀತಾ ಅಂತ ಕೇಳಿದ್ರ ‘ಹಾಯ್’ ಅನ್ನಬೇಕು, ಹೌದು ಅಂತ. ನಾನೂ ಹಂಗೇ ಅಂದೆ.”

ಅಪ್ಪ ಲಾಲಪ್ಪ ಫೋನು ಇಸಿದುಕೊಂಡ. “ಸುಮ್ಮ ಇರು. ಪರದೇಶದವ ನೀನು. ತಕರಾರ್ ಮಾಡಿದ್ರ ವಾಪಸ್ ಕಳಸ್ತಾರ.”

ಸುಂದರಬಾಯಿ ಹಿಟ್ಟಿನ ಕೈಯಲ್ಲೇ ಪಕ್ಕದ ಮನೆಗೆ ಓಡಿದಳು. ಅಲ್ಲಿನ ಮಹಜಬೀನ್ ಜಪಾನಿನಲ್ಲಿ ದುಡಿದು ಬಂದವಳು. ಈಗ ಹುಮನಾಬಾದಿನ ಔಷಧ ಕಾರ್ಖಾನೆಗೆ ಹೋಗುತ್ತಾಳೆ. ಬಸ್ಸಿಗೆ ಹೊರಟವಳು ಚೀಲ ಅಲ್ಲೇ ಇಟ್ಟು ಬಂದು ಫೋನು ತೆಗೆದುಕೊಂಡಳು.

“ಸಂಘಪಾಲ, ಮಷೀನ್ ಮತ್ತ ಯಾವಾಗ ಶುರು?”

“ಈಗ ಗಂಟಿ ಬಾರಸ್ತಾರ, ಆಪಾ.”

“ಅದನ್ನ ಮುಟ್ಟಬ್ಯಾಡ. ನೀ ‘ಹಾಯ್’ ಅಂದ್ರ ತೊಂದ್ರಿ ಏನೂ ಇಲ್ಲ ಅಂತ ತಿಳ್ಕೋತಾರ.”

“ಎದುರು ಮಾತಾಡಿದ್ರ ಅವರಿಗೆ ಅವಮಾನ ಆಗಂಗಿಲ್ಲೇನು?” ಲಾಲಪ್ಪ ಕೇಳಿದ.

“ಕಾಕಾ, ಮಂದಿ ಮುಂದ ಜಗಳ ತೆಗದ್ರ ಸಿಟ್ಟಾಗ್ತಾರ, ಖರೆ. ತೊಂದ್ರಿ ಮುಚ್ಚಿಟ್ರ ಇನ್ನೂ ಸಿಟ್ಟಾಗ್ತಾರ. ಸಣ್ಣದಿದ್ರೂ ಲಗೂನ ತಿಳಸಬೇಕು, ಅದೇ ಅಲ್ಲಿ ರಿವಾಜು. ಅಲ್ಲಿನ ಕಾಯ್ದೆ ಪರದೇಶದವರಿಗೂ ಅದರಿ.” ಮತ್ತೆ ಫೋನಿಗೆ ಬಾಗಿದಳು. “ಹರಿದ ಕೈಗವಸು ತೋರಸು. ಮಷೀನ್ ಕಡಿ ಕೈ ಮಾಡಿ ‘ಅಬುನಾಯ್’ ಅನ್ನು. ಅಪಾಯ ಅಂತ.”

ಆ ಕಡೆ ಗಂಟೆ ಬಾರಿಸಿದರು. ಫೋನು ಕಟ್ಟಾಯಿತು.

ಮಹಜಬೀನಳ ಬಸ್ಸು ಹೋಯಿತು. ಒಲೆ ಆರಿತು. ಲಾಲಪ್ಪ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದ. ಯಾರೂ ಉಣ್ಣಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಮಗನ ವಿಡಿಯೊ ಕರೆ ಬಂತು.

“ಹೇಳಿದೆ. ಸಾಹೇಬ ಕೈಗವಸು ತಗೊಂಡು ನೋಡಿದ. ಮಷೀನ್ ಬಂದ್ ಮಾಡಿದ. ಎಲ್ಲಾರೂ ನನ್ನೇ ನೋಡಾಕತ್ತಿದ್ರು. ಆಮ್ಯಾಲ ಮೆಕ್ಯಾನಿಕ್ ಬಿಚ್ಚಿ ನೋಡಿದ. ಜಾಳಿ ಮುಚ್ಚದಿದ್ರ ಮಷೀನ್ ನಿಲ್ಲಸೋ ಸ್ವಿಚ್ಚೇ ಕೆಟ್ಟಿತ್ತು.”

“ಸಾಹೇಬ ಬೈದನೇನು?”

“ಬೈದ, ಅಪ್ಪಾ. ಮೊದಲೇ ಯಾಕ ಹೇಳಲಿಲ್ಲ ಅಂತ ಬೈದ.”

ಲಾಲಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದ. “ಕೈ ತೋರಸು,” ಎಂದ. ಸಂಘಪಾಲ ಎರಡೂ ಕೈ ತೋರಿಸಿದ.

“ಇನ್ನ ನಾನೇ ಸುಮ್ಮ ಇರು ಅಂದ್ರೂ ಕೇಳಬ್ಯಾಡ,” ಎಂದ ಲಾಲಪ್ಪ.

ನಿಮ್ಮ ಮನೆಯವರೂ ಜಪಾನಿಗೆ ದುಡಿಯಲು ಹೊರಟಿದ್ದಾರೆಯೇ? ‘ಅಪಾಯ ಇದೆ’, ‘ನನಗೆ ತಿಳಿಯಲಿಲ್ಲ’ ಎಂದು ಅಲ್ಲಿನ ಭಾಷೆಯಲ್ಲಿ ಹೇಳಲು ಕಲಿಸಿ ಕಳುಹಿಸಿ. ಮೇಲಿನವರು ಕಿವಿಗೊಡದಿದ್ದರೆ ಅಲ್ಲಿನ ಕಾರ್ಮಿಕ ಕಚೇರಿಯನ್ನೋ ನಮ್ಮ ರಾಯಭಾರ ಕಚೇರಿಯನ್ನೋ ಕೇಳಬಹುದು. ನಿಮ್ಮವರು ಹೆದರಿ ನಿಮಗೆ ಫೋನು ಮಾಡಿದ ದಿನ, ಬಾಯಿ ಬಿಟ್ಟು ಹೇಳುವ ಧೈರ್ಯವನ್ನು ನೀವೇ ಕೊಡಿ.